ಲಿಫ್ಟ್ ಉಂಟು, ಆದರೆ ಲಿಫ್ಟ್ ತನಕ ಹೋಗಲು ಐದು ಮೆಟ್ಟಿಲು. ಮಂಗಳೂರಿನಲ್ಲಿ ಯಾರನ್ನು ಕೇಳಬೇಕು?

ಕಾಪಿಕಾಡಿನ ಹುಡುಗಿ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ಬೆನ್ನುಹುರಿಗೆ ಪೆಟ್ಟಾಗಿ ನನಗೆ ಸೊಂಟದ ಕೆಳಗೆ ಬಲ ಇಲ್ಲ. ವೀಲ್‌ಚೇರ್‌ನಲ್ಲೇ ಓಡಾಟ. ಬಿಕಾಂ ಆಗಿದೆ, ಟ್ಯಾಲಿ, ಜಿಎಸ್‌ಟಿ ಕೆಲಸ ಚೆನ್ನಾಗಿ ಗೊತ್ತು. ಈಗ ಪೇಟೆಯಲ್ಲೇ ಒಬ್ಬ ಆಡಿಟರ್ ಆಫೀಸಿನಲ್ಲಿ ಕೆಲಸ ಸಿಕ್ಕಿದೆ. ಮೂರನೇ ಮಹಡಿ. ಆಡಿಟರ್ ಒಳ್ಳೆಯವರು. ನನ್ನ ಗಾಲಿಕುರ್ಚಿ ಕೆಳಗೆ ಹೋಗುವ ಹಾಗೆ ಮೇಜಿನ ಡ್ರಾಯರ್ ತೆಗೆಸಿದ್ದಾರೆ, ಬಾಗಿಲಿನ ಪಕ್ಕದ ಕಪಾಟು ಸರಿಸಿದ್ದಾರೆ. ನಾನು ಹೇಳುವ ಮೊದಲೇ!

ಸಮಸ್ಯೆ ಕೆಳಗೆ. ಕೋವಿಡ್ ಆದಮೇಲೆ ಕಟ್ಟಿದ ಹೊಸ ಕಟ್ಟಡ. ಲಿಫ್ಟ್ ದೊಡ್ಡದಾಗಿಯೇ ಉಂಟು. ಆದರೆ ರಸ್ತೆಯಿಂದ ಲಿಫ್ಟಿನ ಬಾಗಿಲಿಗೆ ಹೋಗಲು ಐದು ಮೆಟ್ಟಿಲು. ರ‍್ಯಾಂಪ್ ಇಲ್ಲ. ಕಟ್ಟಡದ ಸಂಘದವರನ್ನು ಕೇಳಿದರೆ "ವಾಚ್‌ಮನ್ ಇದ್ದಾನೆ, ಹುಡುಗರು ಇದ್ದಾರೆ, ಎತ್ತಿ ಮೇಲೆ ಇಡುತ್ತಾರೆ, ನೀವು ಯೋಚನೆ ಮಾಡಬೇಡಿ" ಅನ್ನುತ್ತಾರೆ.

ನನಗೆ ಎತ್ತಿಸಿಕೊಳ್ಳುವುದು ಬೇಡ. ಗೊತ್ತಿಲ್ಲದವರು ಗಾಲಿಕುರ್ಚಿಯ ಕೈಹಿಡಿ ಹಿಡಿದು ಎತ್ತುತ್ತಾರೆ, ಅದು ಕಳಚಿ ಬರುವಂಥದ್ದು. ಮಳೆಗಾಲದಲ್ಲಿ ಆ ಗ್ರಾನೈಟ್ ಮೆಟ್ಟಿಲು ನಡೆಯುವವರಿಗೇ ಜಾರುತ್ತದೆ. ಅದಕ್ಕಿಂತ ಹೆಚ್ಚಾಗಿ, ಪ್ರತಿ ಸಲ ಹೊರಗೆ ಹೋಗಬೇಕಾದರೆ ನಾಲ್ಕು ಗಂಡಸರನ್ನು ಕರೆಯಬೇಕು, ಅವರು ಮೈಗೆ ತಾಗಿ ನಿಲ್ಲುತ್ತಾರೆ. ಕೆಲಸಕ್ಕೆ ಹೋಗುವ ಹೆಂಗಸಿಗೆ ಇದು ದಿನನಿತ್ಯದ ವ್ಯವಸ್ಥೆಯಾ?

ಯಾರಿಗೆ ಬರೆಯಬೇಕು? ಕಾನೂನು ಏನು ಹೇಳುತ್ತದೆ? ಮಂಗಳೂರು, ಉಡುಪಿ ಕಡೆ ಹೀಗೆ ಕೇಳಿ ರ‍್ಯಾಂಪ್ ಹಾಕಿಸಿಕೊಂಡವರು ಯಾರಾದರೂ ಇದ್ದೀರಾ?

ಕೊಡಿಯಾಲ್‌ಬೈಲ್:
ಆಡಿಟರ್ ಅಷ್ಟು ಒಳ್ಳೆಯವರಾದರೆ ಮನೆಯಿಂದಲೇ ಕೆಲಸ ಮಾಡುತ್ತೇನೆ ಅಂತ ಕೇಳಿ ತಂಗಿ. ಟ್ಯಾಲಿ ಕೆಲಸ ತಾನೆ, ಲ್ಯಾಪ್‌ಟಾಪ್ ಇದ್ದರೆ ಸಾಕು. ಸುಮ್ನೆ ಕಟ್ಟಡದವರ ಜೊತೆ ಜಗಳ ಯಾಕೆ?

ಕಾಪಿಕಾಡಿನ ಹುಡುಗಿ:
ಅಣ್ಣ, ಅಪಘಾತ ಆದಮೇಲೆ ಮನೆಯಲ್ಲೇ ಇದ್ದೇನೆ. ಅದಕ್ಕೇ ಹೊರಗೆ ಹೋಗಬೇಕು. ಕ್ಲೈಂಟ್ ಬರುತ್ತಾರೆ, ಫೈಲ್ ನೋಡಬೇಕು, ಸೀನಿಯರ್ ಹತ್ತಿರ ಕೂತು ಕಲಿಯಬೇಕು. ಮನೆಯಲ್ಲಿ ಕೂತವರಿಗೆ ಎಂಟ್ರಿ ಕೆಲಸ ಮಾತ್ರ ಸಿಗುತ್ತದೆ, ಅದರ ಮೇಲಿನದು ಸಿಗುವುದಿಲ್ಲ.

ನೀರುದೋಸೆ:
ಸರಿಯಾಗಿ ಹೇಳಿದ್ರಿ. ನನ್ನ ಅಕ್ಕನಿಗೂ ಎಲ್ಲರೂ ಮನೆಯಿಂದ ಮಾಡು ಅಂತಲೇ ಹೇಳುತ್ತಿದ್ದರು. ಅವಳಿಗೆ ಪೋಲಿಯೊ, ಕಾಲಿಗೆ ಕ್ಯಾಲಿಪರ್ (ಆಧಾರದ ಪಟ್ಟಿ) ಹಾಕಿ ನಡೆಯುತ್ತಾಳೆ. ಆಫೀಸಿಗೆ ಹೋಗಲು ಶುರು ಮಾಡಿದ ಮೇಲೆ ಅವಳ ಮುಖವೇ ಬೇರೆ.

ಸುರತ್ಕಲ್ ಸಿವಿಲ್:
ನಾನು ಕಟ್ಟಡದ ಎಂಜಿನಿಯರ್. ಲೆಕ್ಕ ಹೇಳುತ್ತೇನೆ, ಸಂಘದವರ ಜೊತೆ ಮಾತಾಡುವಾಗ ಬೇಕಾಗುತ್ತದೆ.

ಒಂದು ಮೆಟ್ಟಿಲು ಸಾಮಾನ್ಯವಾಗಿ 6 ಇಂಚು. ಐದು ಮೆಟ್ಟಿಲು ಅಂದರೆ 30 ಇಂಚು ಎತ್ತರ. ರ‍್ಯಾಂಪಿನ ಇಳಿಜಾರು 1ಕ್ಕೆ 12ಕ್ಕಿಂತ ಕಡಿದು ಇರಬಾರದು, ಅಂದರೆ ಒಂದು ಇಂಚು ಏರಲು ಕನಿಷ್ಠ 12 ಇಂಚು ಉದ್ದ. ಹಾಗಾಗಿ 30 ಅಡಿ ಉದ್ದದ ರ‍್ಯಾಂಪ್ ಬೇಕು. "ಜಾಗ ಇಲ್ಲ" ಅಂತ ಮೊದಲು ಹೇಳುವುದು ಇಲ್ಲೇ. ಆದರೆ ನೇರವಾಗಿಯೇ ಇರಬೇಕು ಅಂತ ಇಲ್ಲ. 15 ಅಡಿ ಹೋಗಿ, ಗಾಲಿ ತಿರುಗಿಸಲು ಕನಿಷ್ಠ 5 ಅಡಿಯ ಸಮತಟ್ಟು ಕೊಟ್ಟು, ಮತ್ತೆ 15 ಅಡಿ ವಾಪಸ್ ಬರಬಹುದು. ಅಗಲ ಕನಿಷ್ಠ 4 ಅಡಿ. ಎರಡೂ ಬದಿ ಕೈಹಿಡಿ, ಅಂಚಿನಲ್ಲಿ ಸಣ್ಣ ಕಟ್ಟೆ. ಪಾಲಿಶ್ ಮಾಡಿದ ಗ್ರಾನೈಟ್ ಬೇಡವೇ ಬೇಡ, ಒರಟು ಮಾಡಿದ ಕಲ್ಲು ಹಾಕಬೇಕು. ನಮ್ಮ ಮಳೆಗೆ ಮೇಲೊಂದು ಶೀಟಿನ ಮಾಡು (ಚಾವಣಿ) ಕೂಡ.

ಕೆಲವು ಕಡೆ ಮೆಟ್ಟಿಲಿನ ಪಕ್ಕ ಸ್ಕೂಟರ್ ಹತ್ತಿಸಲು ಹಾಕಿದ ಇಳಿಜಾರನ್ನು ತೋರಿಸಿ "ಇದೇ ರ‍್ಯಾಂಪ್" ಅನ್ನುತ್ತಾರೆ. ಅದು 1ಕ್ಕೆ 4 ಇರುತ್ತದೆ. ಅದರಲ್ಲಿ ಒಬ್ಬರೇ ಹತ್ತಿದರೆ ಗಾಲಿ ಹಿಂದಕ್ಕೆ ಮಗುಚುತ್ತದೆ. ಒಪ್ಪಿಕೊಳ್ಳಬೇಡಿ.

ಒಂದು ಪ್ರಶ್ನೆ. ಆ ಲಿಫ್ಟ್ ಬೇಸ್‌ಮೆಂಟ್ ಪಾರ್ಕಿಂಗ್ ತನಕ ಇಳಿಯುತ್ತದಾ?

ಕಾಪಿಕಾಡಿನ ಹುಡುಗಿ:
ಇಳಿಯುತ್ತದೆ ಸರ್. ಆದರೆ ಕೆಳಗೆ ಲಿಫ್ಟಿನ ಎದುರು ಒಂದು ಮೆಟ್ಟಿಲು ಉಂಟು. ಒಂದು ಅಂಗಡಿಯವರ ರಟ್ಟಿನ ಪೆಟ್ಟಿಗೆ ಅಲ್ಲಿ ತುಂಬಿಸಿಟ್ಟಿದ್ದಾರೆ. ಕಾರು ಇಳಿಯುವ ದಾರಿ ತುಂಬಾ ಕಡಿದು.

ಸುರತ್ಕಲ್ ಸಿವಿಲ್:
ಹಾಗಾದರೆ ತಾತ್ಕಾಲಿಕ ದಾರಿ ಇದೆ. ಕಾರಿನಲ್ಲಿ ಅಥವಾ ಆಟೋದಲ್ಲಿ ನೇರ ಬೇಸ್‌ಮೆಂಟಿಗೆ ಇಳಿದು, ಅಲ್ಲಿ ಗಾಲಿಗೆ ಕೂತರೆ ಕಡಿದು ದಾರಿಯಲ್ಲಿ ತಳ್ಳುವ ಅಗತ್ಯ ಬರುವುದಿಲ್ಲ. ಆ ಒಂದು ಮೆಟ್ಟಿಲಿಗೆ 6 ಅಡಿ ಉದ್ದದ ಸಿಮೆಂಟ್ ಇಳಿಜಾರು ಸಾಕು, ಒಬ್ಬ ಮೇಸ್ತ್ರಿ ಒಂದೇ ದಿನದಲ್ಲಿ ಮುಗಿಸುತ್ತಾನೆ. ಪೆಟ್ಟಿಗೆ ಹೇಗೂ ತೆಗೆಯಲೇಬೇಕು, ಬೆಂಕಿ ಬಿದ್ದರೆ ಎಲ್ಲರಿಗೂ ಅಪಾಯ. ಆದರೆ ಮುಂಬಾಗಿಲಿನ ಬೇಡಿಕೆ ಬಿಡಬೇಡಿ. ಇದು ಅದಕ್ಕೆ ಬದಲಿ ಅಲ್ಲ.

ರಥಬೀದಿ:
ಉಡುಪಿಯಿಂದ ಬರೆಯುತ್ತಿದ್ದೇನೆ. ಆಫೀಸು ಬಿಡಿ, ಮದುವೆ ಹಾಲ್‌ಗಳ ಬಗ್ಗೆ ಯಾರಾದರೂ ಮಾತಾಡಿ ಮಾರಾಯ್ರೆ. ನನ್ನ ಅಪ್ಪನಿಗೆ ಸಕ್ಕರೆ ಕಾಯಿಲೆಯಿಂದ ಒಂದು ಕಾಲು ತೆಗೆದಿದ್ದಾರೆ. ಮದುವೆ ಮೇಲೆ, ಊಟ ಕೆಳಗಿನ ಅಂಡರ್‌ಗ್ರೌಂಡ್ ಹಾಲಿನಲ್ಲಿ. ಇಪ್ಪತ್ತು ಮೆಟ್ಟಿಲು. ಅಪ್ಪನಿಗೆ ಎಲೆ ಊಟ ಅಂದರೆ ಪ್ರಾಣ, ಪಂಕ್ತಿಯಲ್ಲಿ ಕೂರಬೇಕು ಅಂತ ಆಸೆ. ಯಾರೋ ಒಂದು ತಟ್ಟೆಯಲ್ಲಿ ಬಡಿಸಿಕೊಂಡು ಮೇಲೆ ತಂದುಕೊಡುತ್ತಾರೆ. ಖಾಲಿ ಕುರ್ಚಿಗಳ ಮಧ್ಯೆ ಒಬ್ಬರೇ ಕೂತು ತಿನ್ನುತ್ತಾರೆ. ಈಗ ಮದುವೆಗೆ ಕರೆದರೆ "ನೀವು ಹೋಗಿ ಬನ್ನಿ" ಅನ್ನುತ್ತಾರೆ.

ಪಡುಬಿದ್ರಿ:
ರಥಬೀದಿಯವರೇ, ನಮ್ಮ ಅಜ್ಜಿಯ ಕಥೆಯೂ ಇದೇ. ಯಕ್ಷಗಾನಕ್ಕಾದರೆ ಸಂತೋಷದಿಂದ ಬರುತ್ತಾರೆ. ಗದ್ದೆಯಲ್ಲಿ ಬಯಲಾಟ, ಗಾಲಿ ಸೀದಾ ಮುಂದಿನ ಸಾಲಿನ ತನಕ ಹೋಗುತ್ತದೆ. ಹಾಲ್‌ನಲ್ಲಿ ಆಟ ಇಟ್ಟರೆ ಬರಲು ಆಗುವುದಿಲ್ಲ.

ಬೋಳಾರ:
ಹೋ, ಯಾವ ಮೇಳದ ಆಟ ನೋಡುತ್ತಾರೆ ಅಜ್ಜಿ?

ಪಡುಬಿದ್ರಿ:
ಕಟೀಲು ಮೇಳ. ಬೆಳಗಾಗುವ ತನಕ ಕೂರುತ್ತಿದ್ದರು, ಈಗ ಕಾಲಮಿತಿ ಆದದ್ದು ಅವರಿಗೆ ಬೇಜಾರು.

ಬಂದರು ವಕೀಲ:
ವಿಷಯಕ್ಕೆ ಬರೋಣ. ತಂಗಿ, ನಿಮ್ಮ ಬೇಡಿಕೆಗೆ ಗಟ್ಟಿ ಕಾನೂನು ಉಂಟು. ಅಂಗವಿಕಲರ ಹಕ್ಕುಗಳ ಕಾಯ್ದೆ, 2016. ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಅದರ 44ನೇ ಸೆಕ್ಷನ್ ಓದಿ. ಎಲ್ಲರೂ ಬಳಸಲು ಆಗಬೇಕು ಅನ್ನುವ ನಿಯಮ ಪಾಲಿಸದ ಕಟ್ಟಡದ ನಕ್ಷೆಗೆ ಅನುಮತಿಯೇ ಕೊಡುವಂತಿಲ್ಲ. ಕಟ್ಟಿ ಮುಗಿಸಿದ ಮೇಲೆ ಪೂರ್ಣಗೊಂಡ ಪ್ರಮಾಣಪತ್ರವನ್ನೂ ಕೊಡುವಂತಿಲ್ಲ. ನಿಮ್ಮ ಕಟ್ಟಡ ಕೋವಿಡ್ ನಂತರದ್ದು, ಹಾಗಾಗಿ ಇದು ನೇರ ಅನ್ವಯ.

"ಇದು ಖಾಸಗಿ ಕಟ್ಟಡ" ಅಂತ ಅವರು ಹೇಳಬಹುದು. ಸಾರ್ವಜನಿಕರು ಬಂದು ಹೋಗುವ ಖಾಸಗಿ ಕಟ್ಟಡವೂ ಈ ಕಾಯ್ದೆಯಲ್ಲಿ ಸಾರ್ವಜನಿಕ ಕಟ್ಟಡವೇ. ಅಂಗಡಿ, ಆಫೀಸು, ಕ್ಲಿನಿಕ್, ಟ್ಯೂಷನ್ ಸೆಂಟರ್ ಎಲ್ಲವೂ ಬರುತ್ತದೆ. ರಥಬೀದಿಯವರೇ, ನಿಮ್ಮ ಮದುವೆ ಹಾಲ್ ಕೂಡ.

ಹಳೆಯ ಕಟ್ಟಡಗಳಿಗೆ 45ನೇ ಸೆಕ್ಷನ್. ನಿಯಮ ಹೊರಬಂದದ್ದು 2017ರ ಜೂನ್ 15ರಂದು. ಅಲ್ಲಿಂದ ಐದು ವರ್ಷದೊಳಗೆ ಸರಿಪಡಿಸಬೇಕಿತ್ತು. ಆ ಗಡುವು 2022ರ ಜೂನ್‌ಗೇ ಮುಗಿದಿದೆ.

ಪಂಪ್‌ವೆಲ್ ಬಿಲ್ಡರ್:
ವಕೀಲರೇ, ಕಾನೂನು ಹೇಳುವುದು ಸುಲಭ. ಕಟ್ಟುವ ಕಷ್ಟ ನಮಗೆ ಗೊತ್ತು. ಮಂಗಳೂರಿನ ಮಳೆ ನಿಮಗೂ ಗೊತ್ತಲ್ವಾ? ಎತ್ತರ ಕೊಡದಿದ್ದರೆ ಜೂನ್ ತಿಂಗಳಲ್ಲಿ ಲಿಫ್ಟಿನ ಗುಂಡಿಗೆ ನೀರು ನುಗ್ಗುತ್ತದೆ. ಇನ್ನು 30 ಅಡಿ ರ‍್ಯಾಂಪ್ ಅಂದರೆ ಎರಡು ಕಾರಿನ ಪಾರ್ಕಿಂಗ್ ಹೋಯಿತು. ಪಾರ್ಕಿಂಗ್ ಕಡಿಮೆ ಆದರೆ ಅದಕ್ಕೂ ಪಾಲಿಕೆಯವರು ಕೇಳುತ್ತಾರೆ. ಒಬ್ಬರು ಇಬ್ಬರು ಬರುವುದಕ್ಕೆ ಇಷ್ಟೆಲ್ಲ ಮಾಡಬೇಕಾ?

ಸುರತ್ಕಲ್ ಸಿವಿಲ್:
ಮಳೆಯ ಮಾತು ಒಪ್ಪುತ್ತೇನೆ, ಎತ್ತರ ಬೇಕು. ಆದರೆ ಆ ಎತ್ತರ ಬಾಗಿಲಿನ ಎದುರೇ ಮೆಟ್ಟಿಲಾಗಿ ಬರಬೇಕು ಅಂತ ಎಲ್ಲಿ ಬರೆದಿದೆ? ಗೇಟಿನಿಂದ ಲಾಬಿಯ ತನಕ ಅಂಗಳವನ್ನೇ ನಿಧಾನಕ್ಕೆ ಏರಿಸಿಕೊಂಡು ಬನ್ನಿ. ಲಾಬಿಯ ಎದುರು ಅಡ್ಡ ಚರಂಡಿ ಮಾಡಿ ಮೇಲೆ ಜಾಲರಿ ಹಾಕಿ. ಜಾಲರಿಯ ಕಿಂಡಿ ಸಣ್ಣದಿರಲಿ, ಇಲ್ಲದಿದ್ದರೆ ಗಾಲಿಯ ಮುಂದಿನ ಸಣ್ಣ ಚಕ್ರ ಸಿಕ್ಕಿಕೊಳ್ಳುತ್ತದೆ. ನಕ್ಷೆ ಬರೆಯುವಾಗಲೇ ಮಾಡಿದರೆ ಹೆಚ್ಚು ಖರ್ಚೇ ಇಲ್ಲ, ಮಣ್ಣು ತುಂಬಿಸುವ ಖರ್ಚು ಅಷ್ಟೇ. ಕಟ್ಟಿ ಆದಮೇಲೆ ಒಡೆಯುವುದಕ್ಕೆ ದುಡ್ಡು ಹೋಗುವುದು.

ಬಂದರು ವಕೀಲ:
"ಒಬ್ಬರು ಇಬ್ಬರು" ಅಂದಿರಿ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಲೆಕ್ಕಕ್ಕೆ ಸಿಕ್ಕಿದ ಅಂಗವಿಕಲರೇ 13 ಲಕ್ಷಕ್ಕಿಂತ ಜಾಸ್ತಿ. ಆಗ ಕಾಯ್ದೆಯಲ್ಲಿ ಇದ್ದದ್ದು 7 ಬಗೆ. 2016ರ ಕಾಯ್ದೆಯಲ್ಲಿ 21 ಬಗೆ. ಮಂಡಿ ನೋವಿನ ಅಮ್ಮಂದಿರು, ಬಸುರಿಯರು, ಮಗುವಿನ ಗಾಡಿ ತಳ್ಳುವವರು ಈ ಲೆಕ್ಕದಲ್ಲೇ ಇಲ್ಲ.

ಪಂಪ್‌ವೆಲ್ ಬಿಲ್ಡರ್:
ಫ್ಲ್ಯಾಟ್ ಕೊಳ್ಳಲು ಬರುವವರು ಯಾರೂ ರ‍್ಯಾಂಪ್ ಉಂಟಾ ಅಂತ ಕೇಳುವುದಿಲ್ಲ. ಪಾರ್ಕಿಂಗ್ ಉಂಟಾ ಅಂತ ಮೊದಲು ಕೇಳುತ್ತಾರೆ. ಇದು ಸತ್ಯ.

ನೀರುದೋಸೆ:
ಅದೇ ಕೊಂಡವರು ಅರವತ್ತು ದಾಟಿದ ಮೇಲೆ ಕೇಳುತ್ತಾರೆ. ಆಗ ಬಿಲ್ಡರ್ ಫೋನ್ ಎತ್ತುವುದಿಲ್ಲ.

ಸ್ಟೇಟ್‌ಬ್ಯಾಂಕ್ ರೂಟ್:
ಕಟ್ಟಡದ ಬಾಗಿಲಿಗೆ ಬಂದವರ ಮಾತಾಯಿತು. ಅಲ್ಲಿ ತನಕ ಬರುವುದು ಹೇಗೆ? ನಾನು ಪ್ರೈವೇಟ್ ಸಿಟಿ ಬಸ್ಸಿನಲ್ಲಿ ಕಂಡಕ್ಟರ್. ನಮ್ಮ ಬಸ್ಸಿಗೆ ಗಾಲಿ ಹತ್ತುವುದೇ ಇಲ್ಲ. ಬಾಗಿಲು ಕಿರಿದು, ಮೆಟ್ಟಿಲು ಎತ್ತರ, ಒಳಗೆ ನಡುವೆ ಕಂಬ. ಊರುಗೋಲು ಹಿಡಿದವರು ಹತ್ತುವಷ್ಟರಲ್ಲಿ ಹಿಂದಿನ ಬಸ್ಸಿನವ ಹಾರ್ನ್ ಹಾಕುತ್ತಾನೆ. ಒಂದೆರಡು ನಿಮಿಷ ಟೈಮಿಂಗ್ ತಪ್ಪಿದರೆ ಸ್ಟ್ಯಾಂಡಿನಲ್ಲಿ ಜಗಳ. ನಮ್ಮ ಬತ್ತಾ ಕಲೆಕ್ಷನ್ ಮೇಲೆ. ಜನ ನಮಗೆ ಬೈಯುತ್ತಾರೆ, ಮಾಲೀಕರೂ ಬೈಯುತ್ತಾರೆ.

ನಾನು ಹತ್ತಿಸುತ್ತೇನೆ, ಕೂರಿಸಿದ ಮೇಲೆಯೇ "ರೈಟ್ ಪೋಯಿ" ಹೇಳುತ್ತೇನೆ. ಆದರೆ ಒಬ್ಬ ಕಂಡಕ್ಟರಿನ ಮನಸ್ಸಿನ ಮೇಲೆ ಇದು ನಿಲ್ಲಬಾರದು. ರೂಟಿನ ಟೈಮಿಂಗಿನಲ್ಲೇ ಇದಕ್ಕೆ ಸಮಯ ಇಡಬೇಕು.

ಕಾಪಿಕಾಡಿನ ಹುಡುಗಿ:
ಅಣ್ಣ, ನೀವು ಇದನ್ನು ಬರೆದದ್ದು ತುಂಬಾ ಒಳ್ಳೆಯದಾಯಿತು. ನಾನು ಬಸ್ಸಿನ ಆಸೆ ಬಿಟ್ಟು ಆಟೋ ಲೆಕ್ಕ ಹಾಕಿದ್ದೇನೆ. ಗಾಲಿ ಮಡಚಿ ಹಿಂದೆ ಇಡಬೇಕು, ನನ್ನನ್ನು ಸರಿಸಿಕೊಂಡು ಕೂರಬೇಕು, ಅಷ್ಟು ಹೊತ್ತು ಕಾಯುವ ಆಟೋದವರು ಬೇಕು. ಹೋಗಿ ಬರಲು ಕೊಟ್ಟರೆ ಸಂಬಳದ ದೊಡ್ಡ ಪಾಲು ಅಲ್ಲೇ ಹೋಗುತ್ತದೆ.

ಬಿಜೈ ಮಾವ:
ಹೆಂಗಸರಿಗೆ ಬಸ್ ಫ್ರೀ ಅಲ್ವಾ ಈಗ? ಶಕ್ತಿ ಯೋಜನೆ?

ಸ್ಟೇಟ್‌ಬ್ಯಾಂಕ್ ರೂಟ್:
ಮಾವ, ಅದು ಸರ್ಕಾರಿ ಬಸ್ಸಿಗೆ. 2023ರ ಜೂನ್‌ನಿಂದ ಉಂಟು. ಮಂಗಳೂರು, ಉಡುಪಿ ಸಿಟಿಯಲ್ಲಿ ಓಡುವುದು ಹೆಚ್ಚು ಪ್ರೈವೇಟ್. ಸರ್ಕಾರಿ ಸಿಟಿ ಬಸ್, ನರ್ಮ್ ಬಸ್ ಅನ್ನುತ್ತೇವೆ, ಕೆಲವು ರೂಟಿನಲ್ಲಿ ಮಾತ್ರ. ಅಂಗವಿಕಲರ ರಿಯಾಯಿತಿ ಪಾಸ್ ಕೂಡ ಕೆಎಸ್‌ಆರ್‌ಟಿಸಿಯದ್ದೇ.

ಸುರತ್ಕಲ್ ಸಿವಿಲ್:
ಫ್ರೀ ಆದರೂ ಹತ್ತಲು ಆಗಬೇಕಲ್ವಾ? ಲೋ ಫ್ಲೋರ್ ಬಸ್ಸಿನ ನೆಲ ರಸ್ತೆಯಿಂದ 400 ಮಿಲಿಮೀಟರ್. ಸೆಮಿ ಲೋ ಫ್ಲೋರ್ 650. ನಮ್ಮ ಸಿಟಿ ಬಸ್ಸುಗಳ ನೆಲ ಇನ್ನೂ ಎತ್ತರ. ಹೊಸ ಪರ್ಮಿಟ್ ಕೊಡುವಾಗಲೇ ಷರತ್ತು ಹಾಕಿದರೆ ಹತ್ತು ಹದಿನೈದು ವರ್ಷದಲ್ಲಿ ಎಲ್ಲ ಬಸ್ಸೂ ಬದಲಾಗುತ್ತದೆ. ಹಳೆಯದನ್ನು ನಾಳೆಯೇ ಗುಜರಿಗೆ ಹಾಕಿ ಅಂತ ಯಾರೂ ಕೇಳುತ್ತಿಲ್ಲ.

ಬಿಜೈ ಮಾವ:
ಸೈಡ್ ವೀಲ್ ಹಾಕಿದ ಸ್ಕೂಟರ್ ಸರ್ಕಾರ ಕೊಡುತ್ತದೆ ಅಂತ ಕೇಳಿದ್ದೆ.

ನೀರುದೋಸೆ:
ಕೊಡುತ್ತದೆ ಮಾವ. ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಯೋಜನೆ. ನನ್ನ ಅಕ್ಕನಿಗೆ ಸಿಕ್ಕಿದ್ದು ಅದೇ. ಆದರೆ ವೀಲ್‌ಚೇರ್ ಬಳಸುವವರು ಗಾಲಿಯನ್ನು ಸ್ಕೂಟರಿನಲ್ಲಿ ಎಲ್ಲಿ ಇಡುವುದು? ಮನೆಯಲ್ಲಿ ಒಂದು, ಆಫೀಸಿನಲ್ಲಿ ಒಂದು, ಎರಡು ಗಾಲಿ ಬೇಕಾಗುತ್ತದೆ. ಆಡಿಟರ್ ಹತ್ತಿರ ಆಫೀಸಿಗೊಂದು ಗಾಲಿ ಕೇಳಿ ತಂಗಿ, ಅದು ಕೇಳಬಹುದಾದ ವಿಷಯವೇ.

ಕಂಕನಾಡಿ ಕೋಡರ್:
ಸೋತೆ ಅಂತ ಯೋಚಿಸಬೇಡಿ. ಸುಹಾಸ್ ಯತಿರಾಜ್ ಅವರನ್ನು ನೋಡಿ. ನಮ್ಮ ಸುರತ್ಕಲ್ ಎನ್‌ಐಟಿಕೆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರು. ಕಾಲಿನ ತೊಂದರೆ ಇದ್ದೂ ಐಎಎಸ್ ಮಾಡಿದರು, ಟೋಕಿಯೊ ಮತ್ತು ಪ್ಯಾರಿಸ್ ಪ್ಯಾರಾಲಿಂಪಿಕ್ಸ್ ಎರಡರಲ್ಲೂ ಬ್ಯಾಡ್ಮಿಂಟನ್ ಬೆಳ್ಳಿ ತಂದರು. ಮನಸ್ಸಿದ್ದರೆ ಮಾರ್ಗ.

ಪಡುಬಿದ್ರಿ:
ಪ್ಯಾರಾ ಅಥ್ಲೀಟ್ ಮಾಲತಿ ಹೊಳ್ಳ ಅವರನ್ನು ಮರೆಯಬೇಡಿ. ನಮ್ಮ ಕೋಟದವರು. 1995ರಲ್ಲಿ ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ. ಪೋಲಿಯೊ ಬಂದ ಮಕ್ಕಳಿಗಾಗಿ ಬೆಂಗಳೂರಿನಲ್ಲಿ ಸಂಸ್ಥೆಯನ್ನೂ ಕಟ್ಟಿದ್ದಾರೆ.

ಕಾಪಿಕಾಡಿನ ಹುಡುಗಿ:
ಇಬ್ಬರ ಮೇಲೂ ನನಗೆ ತುಂಬಾ ಗೌರವ. ಆದರೆ ನಾನು ಕೇಳಿದ್ದು ಪದಕ ಗೆಲ್ಲುವ ಬಗ್ಗೆ ಅಲ್ಲ. ಸಾಮಾನ್ಯ ಹುಡುಗಿ ಸಾಮಾನ್ಯ ಕೆಲಸಕ್ಕೆ ಹೋಗಿ ಸಂಜೆ ಮನೆಗೆ ಬರಬೇಕು. ನಡೆಯುವವರು ಕೆಲಸಕ್ಕೆ ಸೇರುವಾಗ ಯಾರೂ ಒಲಿಂಪಿಕ್ಸ್ ಹೆಸರು ಹೇಳುವುದಿಲ್ಲ. ನನಗೆ ಮನಸ್ಸು ಉಂಟು. ಮಾರ್ಗದಲ್ಲಿ ಐದು ಮೆಟ್ಟಿಲು ಉಂಟು.

ಕಂಕನಾಡಿ ಕೋಡರ್:
ಧೈರ್ಯ ಹೇಳುವುದೂ ಬೇಡವಾ ಹಾಗಾದರೆ?

ರಥಬೀದಿ:
ಹೇಳಿ, ಆದರೆ ಧೈರ್ಯ ಸಂಘದ ಅಧ್ಯಕ್ಷರಿಗೆ ಹೇಳಿ. ದುಡ್ಡು ಬಿಚ್ಚುವ ಧೈರ್ಯ ಅವರಿಗೆ ಬೇಕು.

ಬ್ರಹ್ಮಾವರದ ಅಮ್ಮ:
ನನ್ನ ಮಗನಿಗೆ ಸೆರೆಬ್ರಲ್ ಪಾಲ್ಸಿ. ಬುದ್ಧಿ ಚುರುಕು, ಕಾಲು ಬಿಗಿ. ಐದನೇ ಕ್ಲಾಸಿಗೆ ಬಂದಾಗ ತರಗತಿ ಮೇಲಿನ ಮಹಡಿಗೆ ಹೋಯಿತು. ಶಾಲೆಯವರು ಮೊದಲು "ನೀವು ದಿನಾ ಬಂದು ಎತ್ತಿಕೊಂಡು ಹೋಗಿ" ಅಂದರು. ಮಗು ಸಣ್ಣದಿದ್ದಾಗ ಸರಿ. ಈಗ ಅವನು ನನ್ನ ಹೆಗಲಿಗೆ ಬರುತ್ತಾನೆ, ನನ್ನ ಸೊಂಟ ಹಿಡಿದುಹೋಗಿದೆ. ಅವನಿಗೂ ಗೆಳೆಯರ ಎದುರು ಅಮ್ಮ ಎತ್ತಿಕೊಂಡು ಹೋಗುವುದು ನಾಚಿಕೆ.

ಆಮೇಲೆ ಒಬ್ಬರು ಟೀಚರ್ ಒಂದು ಮಾತು ಹೇಳಿದರು. ಐದನೇ ಕ್ಲಾಸನ್ನೇ ಕೆಳಗೆ ತಂದು, ಕೆಳಗಿದ್ದ ಮೂರನೇ ಕ್ಲಾಸನ್ನು ಮೇಲೆ ಕಳಿಸೋಣ ಅಂತ. ಒಂದು ರೂಪಾಯಿ ಖರ್ಚಿಲ್ಲ. ಬೆಂಚು ಸಾಗಿಸಿದ್ದು ಮಕ್ಕಳೇ.

ನಮ್ಮ ಶಾಲೆಯೇ ಮತಗಟ್ಟೆ. ಚುನಾವಣೆ ದಿನ ಮರದ ರ‍್ಯಾಂಪ್ ತಂದು ಇಟ್ಟಿದ್ದರು, ಚಂದ ಇತ್ತು. ಮರುದಿನ ತೆಗೆದುಕೊಂಡು ಹೋದರು. ಅದನ್ನು ಅಲ್ಲೇ ಬಿಟ್ಟಿದ್ದರೆ ನನ್ನ ಮಗ ಜಗಲಿಗೆ ತಾನೇ ಹತ್ತುತ್ತಿದ್ದ.

ಬೋಳಾರ:
ಅಕ್ಕ, ಇದನ್ನು ಓದಿ ಹೊಟ್ಟೆಗೆ ಸಂಕಟ ಆಯಿತು. ಒಂದು ದಿನಕ್ಕೆ ಆಗುವುದು ವರ್ಷವಿಡೀ ಯಾಕೆ ಆಗುವುದಿಲ್ಲ?

ಬಿಜೈ ಮಾವ:
ಚುನಾವಣೆ ಅಂದಾಗ ನೆನಪಾಯಿತು. 2023ರ ವಿಧಾನಸಭೆ ಚುನಾವಣೆಯಲ್ಲಿ ಮನೆಗೇ ಬಂದು ಓಟು ಹಾಕಿಸಿಕೊಂಡರು. 80 ದಾಟಿದವರಿಗೆ, ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇದ್ದವರಿಗೆ. ನಮ್ಮ ಪಕ್ಕದ ಮನೆಯ ಹಿರಿಯರು ಬೇಡ ಅಂದರು. ಬೂತಿಗೆ ಹೋಗಿ ನಾಲ್ಕು ಜನರನ್ನು ಮಾತಾಡಿಸಿ ಬರುವುದೇ ಅವರಿಗೆ ಖುಷಿ.

ಫಿಸಿಯೋ ಮಣಿಪಾಲ:
ನಾನು ಬೆನ್ನುಹುರಿ ಪೆಟ್ಟಾದವರ ಜೊತೆ ಕೆಲಸ ಮಾಡುತ್ತೇನೆ. ನಮ್ಮ ಕರಾವಳಿಯಲ್ಲಿ ಅಡಿಕೆ ಮರ, ತೆಂಗಿನ ಮರದಿಂದ ಬಿದ್ದು ಹೀಗಾಗುವವರು ಬಹಳ. ದುಡಿಯುವ ವಯಸ್ಸಿನ ಗಂಡಸರು. ಆಸ್ಪತ್ರೆಯಲ್ಲಿ ಗಾಲಿ ಮೇಲೆ ಕೂರಲು, ಮಂಚದಿಂದ ಗಾಲಿಗೆ ಸರಿಯಲು ಕಲಿಸುತ್ತೇವೆ. ಮನೆಗೆ ಹೋದರೆ ಹೊಸ್ತಿಲು ದಾಟಲು ಆಗುವುದಿಲ್ಲ. ಬಾತ್‌ರೂಮ್ ಬಾಗಿಲು ಎರಡೂವರೆ ಅಡಿ, ಚೌಕಟ್ಟು ಕಳೆದರೆ ಇನ್ನೂ ಕಡಿಮೆ. ಗಾಲಿ ಒಳಗೆ ಹೋಗುವುದಿಲ್ಲ. ಬಾಗಿಲು 900 ಮಿಲಿಮೀಟರ್ ಇರಲಿ, ಹೊರಗೆ ತೆರೆಯಲಿ, ಅಥವಾ ಸರಿಸುವ ಬಾಗಿಲು ಇರಲಿ. ಮನೆ ಕಟ್ಟುತ್ತಿರುವವರು ಈಗಲೇ ಮಾಡಿಸಿ.

ತಂಗಿ, ನಿಮಗೆ ಒಂದು ಕೇಳಬೇಕು. ಆಫೀಸಿನ ಮಹಡಿಯಲ್ಲಿ ಟಾಯ್ಲೆಟ್ ಹೇಗಿದೆ? ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದಕ್ಕೇ ನಾನು ಕೇಳುತ್ತೇನೆ. ನನ್ನ ಹತ್ತಿರ ಬರುವ ಹೆಣ್ಣುಮಕ್ಕಳು ಟಾಯ್ಲೆಟ್ ಇಲ್ಲ ಅಂತ ಬೆಳಗ್ಗಿನಿಂದ ನೀರೇ ಕುಡಿಯುವುದಿಲ್ಲ. ಬೆನ್ನುಹುರಿ ಪೆಟ್ಟಾದವರಿಗೆ ಅದು ತುಂಬಾ ಅಪಾಯ. ಮೂತ್ರಕ್ಕೆ ಸೋಂಕು, ಜ್ವರ, ಮುಂದೆ ಕಿಡ್ನಿಯ ತನಕ ಹೋಗುತ್ತದೆ. ಕ್ಯಾಥೆಟರ್ (ಮೂತ್ರ ತೆಗೆಯುವ ಕೊಳವೆ) ಬಳಸುವವರು ನಾಲ್ಕರಿಂದ ಆರು ಗಂಟೆಗೊಮ್ಮೆ ಖಾಲಿ ಮಾಡಲೇಬೇಕು, ಅದಕ್ಕೆ ಶುಚಿಯಾದ ಜಾಗ, ಕೈ ತೊಳೆಯಲು ನೀರು ಬೇಕು. ಇನ್ನು ಗಾಲಿಯಲ್ಲಿ ಕೂತಲ್ಲೇ 15ರಿಂದ 30 ನಿಮಿಷಕ್ಕೊಮ್ಮೆ ಕೈ ಊರಿ ಮೈ ಎತ್ತುವುದು ಮರೆಯಬೇಡಿ. ಹಾಸಿಗೆ ಹುಣ್ಣು ಕೂತವರಿಗೂ ಆಗುತ್ತದೆ.

ಕಾಪಿಕಾಡಿನ ಹುಡುಗಿ:
ಅಕ್ಕ, ಕೇಳಿದ್ದಕ್ಕೆ ಥ್ಯಾಂಕ್ಸ್. ಮಹಡಿಯಲ್ಲಿ ಎಲ್ಲ ಆಫೀಸುಗಳಿಗೂ ಸೇರಿ ಒಂದು ಲೇಡೀಸ್ ಟಾಯ್ಲೆಟ್. ಒಳಗೆ ಇಂಡಿಯನ್ ಮಾದರಿಯದ್ದು, ಬಾಗಿಲು ಕಿರಿದು. ಆಡಿಟರ್ ಅವರ ಕ್ಯಾಬಿನ್ನಿಗೆ ಅಂಟಿಕೊಂಡ ಒಂದು ಕಮೋಡ್ ಟಾಯ್ಲೆಟ್ ಉಂಟು. "ಅದನ್ನೇ ಬಳಸಮ್ಮ, ಹಿಡಿದುಕೊಳ್ಳಲು ಗೋಡೆಗೆ ಕಂಬಿ ಹಾಕಿಸುತ್ತೇನೆ" ಅಂತ ಅವರ ಹೆಂಡತಿಯೇ ಫೋನ್ ಮಾಡಿ ಹೇಳಿದರು.

ಫಿಸಿಯೋ ಮಣಿಪಾಲ:
ಬಹಳ ಒಳ್ಳೆಯವರು. ಕಂಬಿಯನ್ನು ಗೋಡೆಗೆ ಗಟ್ಟಿಯಾಗಿ ಬೋಲ್ಟ್ ಹಾಕಿ ಕೂರಿಸಲು ಹೇಳಿ. ಟವೆಲ್ ನೇತುಹಾಕುವ ಕಂಬಿ ಮೈಭಾರ ತಡೆಯುವುದಿಲ್ಲ, ಕಿತ್ತು ಬರುತ್ತದೆ.

ಕೊಕ್ಕಡ:
ಪೇಟೆಯವರ ಮಾತು ಓದುತ್ತಿದ್ದೇನೆ. ನಮ್ಮ ಕಡೆಯದ್ದೂ ಸ್ವಲ್ಪ ಕೇಳಿ. ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಊರು ನಮ್ಮದು. ಸುಪ್ರೀಂ ಕೋರ್ಟ್ ಆ ಕೀಟನಾಶಕವನ್ನು ನಿಷೇಧಿಸಿದ್ದು 2011ರಲ್ಲಿ. ಆದರೆ ಆಗಲೇ ಅಂಗವೈಕಲ್ಯದೊಂದಿಗೆ ಹುಟ್ಟಿದ ಮಕ್ಕಳು ಈಗ ದೊಡ್ಡವರಾಗಿದ್ದಾರೆ, ಎತ್ತುವ ಅಮ್ಮಂದಿರಿಗೆ ವಯಸ್ಸಾಗಿದೆ. ಮನೆಯಿಂದ ಡಾಂಬರು ರಸ್ತೆಗೆ ಬರಲು ಕೆಸರು ದಾರಿ, ಮಳೆಗಾಲದಲ್ಲಿ ತೋಡು ದಾಟಬೇಕು. ಗಾಲಿ ಸರ್ಕಾರ ಕೊಟ್ಟಿದೆ, ಅದು ಜಗಲಿಯಲ್ಲಿ ತುಕ್ಕು ಹಿಡಿದಿದೆ. ಓಡಿಸಲು ದಾರಿ ಎಲ್ಲುಂಟು?

ನನ್ನ ಒಂದು ಬೇಡಿಕೆ. ಪಂಚಾಯತಿನಲ್ಲಿ ಅಂಗವಿಕಲರಿಗೆ ಅಂತ ಶೇ. 5ರಷ್ಟು ಹಣ ಇಡಬೇಕು. ಅದನ್ನು ಹಂಚಿ ಮುಗಿಸುವ ಬದಲು ಇಂಥ ಮನೆಗಳ ಕಾಲುದಾರಿಗೆ ಕಾಂಕ್ರೀಟ್ ಹಾಕಿ.

ನೀರುದೋಸೆ:
ಇದು ತುಂಬಾ ಸರಿ. ಪಂಚಾಯತಿನಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಅವರೂ ಹೆಚ್ಚಾಗಿ ಅಂಗವಿಕಲರೇ. ಅವರ ಮೂಲಕ ಗ್ರಾಮಸಭೆಯಲ್ಲಿ ಬರೆಸಿ. ಬಾಯಲ್ಲಿ ಹೇಳಿದ್ದು ನಿಲ್ಲುವುದಿಲ್ಲ.

ಬಿಜೈ ಮಾವ:
ತಿಂಗಳಿಗೆ 1,400 ರೂಪಾಯಿ ಪೆನ್ಶನ್ ಬರುತ್ತದಲ್ವಾ ಎಲ್ಲರಿಗೂ?

ನೀರುದೋಸೆ:
ಎಲ್ಲರಿಗೂ ಇಲ್ಲ ಮಾವ. ಅಂಗವೈಕಲ್ಯ ಶೇ. 75ಕ್ಕಿಂತ ಹೆಚ್ಚು ಇದ್ದರೆ 1,400. ಅದಕ್ಕಿಂತ ಕಡಿಮೆ, ಶೇ. 40ರ ತನಕ 800. ನನ್ನ ಅಕ್ಕನಿಗೆ ಕ್ಯಾಲಿಪರ್ ರಿಪೇರಿಗೇ ಅದು ಸಾಲುವುದಿಲ್ಲ. ಆದಾಯದ ಮಿತಿ ಬೇರೆ ಉಂಟು.

ಪಂಪ್‌ವೆಲ್ ಬಿಲ್ಡರ್:
ನಾನು ಬೇಡ ಅಂತ ಹೇಳುತ್ತಿಲ್ಲ. ಕಟ್ಟಿ ಮಾರಿದ ಮೇಲೆ ಕಟ್ಟಡ ಸಂಘದ್ದು, ಖರ್ಚು ಯಾರು ಹಾಕುವುದು ಅನ್ನುವುದೇ ಪ್ರಶ್ನೆ. ಅಂಗಡಿಯವರು ಒಂದು ಕಡೆ, ಆಫೀಸಿನವರು ಒಂದು ಕಡೆ. ಒಬ್ಬರೂ ಒಪ್ಪುವುದಿಲ್ಲ, ನೋಡಿ ಬೇಕಾದರೆ.

ಬಂದರು ವಕೀಲ:
ಕಾನೂನು ಮೀರಿದರೆ ಆಗುವ ದಂಡ ಅದಕ್ಕಿಂತ ದುಬಾರಿ. 89ನೇ ಸೆಕ್ಷನ್. ಮೊದಲ ಸಲ 10 ಸಾವಿರದ ತನಕ, ಆಮೇಲೆ 50 ಸಾವಿರದಿಂದ 5 ಲಕ್ಷದ ತನಕ. ಇನ್ನೊಂದು ವಿಷಯ. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ರಾಜೀವ್ ರತೂರಿ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. "ಆಗುವುದಾದರೆ ಮಾಡಿ" ಅನ್ನುವ ಮಾರ್ಗಸೂಚಿ ಸಾಕಾಗುವುದಿಲ್ಲ, ಮಾಡಲೇಬೇಕಾದ ಕನಿಷ್ಠ ನಿಯಮ ಬೇಕು ಅಂತ ಕೇಂದ್ರಕ್ಕೆ ಮೂರು ತಿಂಗಳ ಸಮಯ ಕೊಟ್ಟಿತು.

ತಂಗಿ, ಈಗ ನೀವು ಮಾಡಬೇಕಾದದ್ದು. ಮೊದಲು ಲಾಲ್‌ಬಾಗಿನ ಪಾಲಿಕೆ ಕಚೇರಿಗೆ ಮಾಹಿತಿ ಹಕ್ಕು ಅರ್ಜಿ. 10 ರೂಪಾಯಿಯ ಪೋಸ್ಟಲ್ ಆರ್ಡರ್. ಆ ಕಟ್ಟಡದ ಮಂಜೂರಾದ ನಕ್ಷೆ ಮತ್ತು ಪೂರ್ಣಗೊಂಡ ಪ್ರಮಾಣಪತ್ರದ ಪ್ರತಿ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ನಕ್ಷೆಯಲ್ಲಿ ರ‍್ಯಾಂಪ್ ತೋರಿಸಿ, ಕಟ್ಟುವಾಗ ಬಿಟ್ಟಿರುವುದು ಬಹಳ ಕಡೆ ಸಿಗುತ್ತದೆ. ಹಾಗೆ ಸಿಕ್ಕಿದರೆ ವಾದವೇ ಬೇಡ. ಉತ್ತರ ಬರುವ ಮೊದಲೇ ಸಂಘಕ್ಕೆ ಪತ್ರ ಕೊಡಿ. ಕೇಳದಿದ್ದರೆ ಬೆಂಗಳೂರಿನ ರಾಜ್ಯ ಅಂಗವಿಕಲರ ಆಯುಕ್ತರಿಗೆ ದೂರು. ಅದಕ್ಕೆ ವಕೀಲರು ಬೇಡ, ನೀವೇ ಬರೆದು ಅಂಚೆಯಲ್ಲಿ ಕಳಿಸಬಹುದು. ಆಯುಕ್ತರಿಗೆ ಸಿವಿಲ್ ಕೋರ್ಟಿನ ಹಾಗೆ ಜನರನ್ನು ಕರೆಸುವ, ದಾಖಲೆ ತರಿಸುವ ಅಧಿಕಾರ ಉಂಟು.

ಕೊಡಿಯಾಲ್‌ಬೈಲ್:
ಇಷ್ಟೆಲ್ಲ ಮಾಡಿದರೆ ಆಡಿಟರ್‌ಗೆ ಕಟ್ಟಡದಲ್ಲಿ ತೊಂದರೆ ಆಗುವುದಿಲ್ಲವಾ? ಕೆಲಸ ಕೊಟ್ಟವರನ್ನೇ ಸಿಕ್ಕಿಸಿದ ಹಾಗೆ ಆಗಬಾರದು.

ಕಾಪಿಕಾಡಿನ ಹುಡುಗಿ:
ಅದು ನನಗೂ ಇದ್ದ ಭಯ ಅಣ್ಣ. ಅವರ ಹತ್ತಿರ ಕೇಳಿದೆ. ಪತ್ರಕ್ಕೆ ತಾವೂ ಸಹಿ ಹಾಕುತ್ತೇನೆ ಅಂದರು. ಎರಡನೇ ಮಹಡಿಯಲ್ಲಿ ಒಬ್ಬರು ಮೂಳೆ ಡಾಕ್ಟರ ಕ್ಲಿನಿಕ್ ಉಂಟು. ಅವರ ಪೇಷಂಟ್‌ಗಳು ಪ್ಲಾಸ್ಟರ್ ಹಾಕಿಸಿಕೊಂಡು ಅದೇ ಮೆಟ್ಟಿಲು ಇಳಿಯುತ್ತಾರೆ! ಅವರೂ ಸಹಿ ಹಾಕಿದ್ದಾರೆ. ಬೇಸ್‌ಮೆಂಟಿನ ಪೆಟ್ಟಿಗೆ ತೆಗೆಯುತ್ತೇವೆ ಅಂತ ಅಂಗಡಿಯವರು ಒಪ್ಪಿದ್ದಾರೆ. ಮುಂಬಾಗಿಲಿಗೆ ಸಂಘದವರು ಇನ್ನೂ ಒಪ್ಪಿಲ್ಲ.

ಪತ್ರ ಹೀಗೆ ಬರೆದಿದ್ದೇನೆ, ನೋಡಿ:

"ಮಾನ್ಯರೇ, ನಮ್ಮ ಕಟ್ಟಡದ ಮುಖ್ಯ ದ್ವಾರದಲ್ಲಿ ಐದು ಮೆಟ್ಟಿಲುಗಳಿದ್ದು, ವೀಲ್‌ಚೇರ್ ಬಳಸುವವರು, ಊರುಗೋಲು ಹಿಡಿದವರು ಮತ್ತು ವಯಸ್ಸಾದವರು ಲಿಫ್ಟ್ ತನಕ ತಲುಪಲು ಆಗುತ್ತಿಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ ಸೆಕ್ಷನ್ 44ರಂತೆ, 1ಕ್ಕೆ 12ರ ಇಳಿಜಾರಿನ, 4 ಅಡಿ ಅಗಲದ, ಎರಡೂ ಬದಿ ಕೈಹಿಡಿ ಇರುವ ರ‍್ಯಾಂಪನ್ನು 60 ದಿನದೊಳಗೆ ಹಾಕಿಸಬೇಕೆಂದು ಕೋರುತ್ತೇವೆ. ಅಲ್ಲಿ ತನಕ ಬೇಸ್‌ಮೆಂಟಿನ ಲಿಫ್ಟ್ ದಾರಿಯನ್ನು ತೆರವುಗೊಳಿಸಿ, ಮೆಟ್ಟಿಲಿಗೆ ಇಳಿಜಾರು ಮಾಡಿಕೊಡಬೇಕು. ಜನರಿಂದ ಎತ್ತಿಸುವುದು ಇದಕ್ಕೆ ಪರ್ಯಾಯವಲ್ಲ."

ಸುರತ್ಕಲ್ ಸಿವಿಲ್:
ಚೆನ್ನಾಗಿದೆ. ಒಂದು ಕೈಚಿತ್ರ ಮಾಡಿ ಕಳಿಸುತ್ತೇನೆ, ಪತ್ರದ ಜೊತೆ ಲಗತ್ತಿಸಿ. ಪಾರ್ಕಿಂಗ್ ಹೋಗದ ಹಾಗೆ ಎಡಗಡೆಯ ಹೂವಿನ ಕಟ್ಟೆ ಒಡೆದು ತಿರುಗಿಸಬಹುದಾ ನೋಡೋಣ. ಅಳತೆ ತೆಗೆಯಲು ಶನಿವಾರ ಬರುತ್ತೇನೆ, ಫೀಸ್ ಬೇಡ.

ಪಂಪ್‌ವೆಲ್ ಬಿಲ್ಡರ್:
ಹೂವಿನ ಕಟ್ಟೆ ಆದರೆ ಸಂಘದವರು ಒಪ್ಪಬಹುದು. ಕೆಳಗೆ ನೀರಿನ ಟ್ಯಾಂಕ್ ಉಂಟಾ ನೋಡಿಕೊಂಡು ಅಗೆಯಿರಿ, ಹೆಚ್ಚಾಗಿ ಸಂಪ್ ಆ ಬದಿಯೇ ಇರುತ್ತದೆ.

ರಥಬೀದಿ:
ತಂಗಿ, ಈ ಪತ್ರವನ್ನೇ ಸ್ವಲ್ಪ ಬದಲಿಸಿ ನಮ್ಮ ಉಡುಪಿಯ ಹಾಲ್‌ನವರಿಗೂ, ನಗರಸಭೆಗೂ ಕೊಡುತ್ತೇನೆ, ಆಯ್ತಾ?

ಕಾಪಿಕಾಡಿನ ಹುಡುಗಿ:
ಖಂಡಿತ ಬಳಸಿ ಅಣ್ಣ. ಹಾಲ್‌ಗೆ ಬರೆಯುವಾಗ ಊಟದ ಹಾಲಿಗೆ ಲಿಫ್ಟ್ ಬೇಕು ಅಂತ ಸೇರಿಸಿ. ಅಷ್ಟು ಆಳಕ್ಕೆ ರ‍್ಯಾಂಪ್ ಆಗುವುದಿಲ್ಲ.

ಬಂದರು ವಕೀಲ:
ಇಬ್ಬರೂ ಪತ್ರದ ಪ್ರತಿಯನ್ನು ಪಾಲಿಕೆ ಆಯುಕ್ತರಿಗೆ, ನಗರಸಭೆಯ ಪೌರಾಯುಕ್ತರಿಗೆ ಹಾಕಿ. ಕೊಟ್ಟ ಕೂಡಲೇ ನಿಮ್ಮ ಪ್ರತಿಯ ಮೇಲೆ ತಾರೀಕು ಸಮೇತ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮುದ್ರೆ ಹಾಕುವುದಿಲ್ಲ ಅಂದರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ.